ಡ್ರೈವರ್ ಕೆಲಸ, ತೊಳೆಯುವುದೂ ಸೇರಿ

ಟ್ಯಾಂಕರ್ ಲಾರಿಯನ್ನು ಎಲ್ಲರೂ ಹೊರಗಿನಿಂದ ನೋಡಿರುತ್ತಾರೆ. ನಾನು ಒಳಗಿನಿಂದ ನೋಡಿದವಳು. ಮೊದಲ ಸಲ ಇಳಿದಾಗ ನನಗೆ ಹದಿನೈದು ವರ್ಷ. ಕೆಲವು ಟ್ಯಾಂಕರ್‌ಗಳ ಬಾಯಿ ಎಷ್ಟು ಕಿರಿದೆಂದರೆ ದೊಡ್ಡವರ ಭುಜ ತೂರುವುದಿಲ್ಲ. ನಾನು ಕಡ್ಡಿಯಂತಿದ್ದೆ. ಅಪ್ಪ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದ, ಕೈಗೆ ಬ್ರಷ್ಷು ಕೊಟ್ಟ, ಓಗೊಡುವುದನ್ನು ಮಾತ್ರ ನಿಲ್ಲಿಸಬೇಡ ಎಂದು ಹೇಳಿ ಇಳಿಸಿದ.

ಓಗೊಡುವುದು ಅಂದರೆ ಇಷ್ಟೇ. ಮೇಲೆ ಹಗ್ಗ ಹಿಡಿದವರು ಆಗಾಗ "ಓ" ಎನ್ನಬೇಕು. ಕೆಳಗಿದ್ದವರು ತಿರುಗಿ "ಓ" ಎನ್ನಬೇಕು. ಕೆಳಗಿನಿಂದ ಬರಲಿಲ್ಲವೋ, ಕಾಯುವಂತಿಲ್ಲ, ಬಗ್ಗಿ ನೋಡುವಂತಿಲ್ಲ, ಎಳೆಯುವುದೇ. ನಮ್ಮ ಓಣಿಯಲ್ಲಿ ಕಾನೂನು ಅಂತ ಇರುವುದು ಇದೊಂದೇ. ಹಗ್ಗ ಹಿಡಿಯುವವರಿಲ್ಲದೆ ಯಾರೂ ಇಳಿಯುವುದಿಲ್ಲ. ಒಲೆ ಹೊತ್ತದೆ ಮೂರು ದಿನವಾಗಿದ್ದರೂ ಇಳಿಯುವುದಿಲ್ಲ.

ಊರಿನವರು ನಮ್ಮದನ್ನು ತೊಳೆಯೋರ ಓಣಿ ಅನ್ನುತ್ತಾರೆ. ಓಣಿಯ ಕೊನೆಗೆ ಸಿಮೆಂಟಿನ ಕಟ್ಟೆ. ಎಣ್ಣೆ ತಂದ ಟ್ಯಾಂಕರ್, ಅಂಟು ತಂದ ಟ್ಯಾಂಕರ್, ಹೆಸರೇ ಗೊತ್ತಿಲ್ಲದ ರಸಾಯನ ತಂದ ಟ್ಯಾಂಕರ್ ಅಲ್ಲಿ ಬಂದು ನಿಲ್ಲುತ್ತವೆ. ಒಳಗಿಳಿದು ಮಂಡಿಯೂರಿ, ತಳ ಕೆರೆದು, ಗೋಡೆ ತಿಕ್ಕಿ ಬರಬೇಕು. ಉಗುರಿನ ಸಂದಿಗೆ ಹೋದದ್ದು ವಾರಗಟ್ಟಲೆ ಬರುವುದಿಲ್ಲ. ಕೂದಲಿನ ವಾಸನೆ ಸೋಪಿಗೆ ಜಗ್ಗುವುದಿಲ್ಲ. ಶಾಲೆಯಲ್ಲಿ ನನ್ನ ಪಕ್ಕದ ಜಾಗ ಯಾವಾಗಲೂ ಖಾಲಿ. ಬೆಂಚು ಪೂರ್ತಿ ನಿಂದೇ ಕಣೇ, ಮಹಾರಾಣಿ, ಎಂದು ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ ಕೆಳಗಿದ್ದ, ಹಗ್ಗ ನನ್ನ ಕೈಯಲ್ಲಿತ್ತು. ನಾನು "ಓ" ಅಂದೆ. ಬರಲಿಲ್ಲ. ಎಳೆದೆ. ಅಪ್ಪ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಬದುಕಿದ, ಆದರೆ ಎದೆ ಹೋಯಿತು. ಇನ್ನೊಂದು ಸಲ ಇಳಿದರೆ ನಾನು ಜವಾಬ್ದಾರನಲ್ಲ ಎಂದರು ಡಾಕ್ಟರು. ಮೊದಲನೆಯ ಸಲಕ್ಕೆ ಯಾರು ಜವಾಬ್ದಾರರಾಗಿದ್ದರು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ಅಪ್ಪ ಹಗ್ಗ ಹಿಡಿಯುವುದಕ್ಕೆ ನಿಂತ. ನಾನು ಇಳಿಯುವುದಕ್ಕೆ ನಿಂತೆ. ಅಮ್ಮ ಹೋಗಿ ಎಷ್ಟೋ ವರ್ಷ. ಮನೆಯಲ್ಲಿ ನಾವಿಬ್ಬರೇ.

ಲಾರಿ ಓಡಿಸುವುದನ್ನು ನಾನು ಅದೇ ಕಟ್ಟೆಯ ಮೇಲೆ ಕಲಿತೆ. ಡ್ರೈವರ್‌ಗಳು ಟ್ಯಾಂಕರ್ ತಂದು ಎಲ್ಲೋ ಒಂದು ಕಡೆ ಬಿಟ್ಟು ಊಟಕ್ಕೆ ಹೋಗಿಬಿಡುತ್ತಿದ್ದರು. ನೀರಿನ ಪೈಪು ಮುಟ್ಟಬೇಕೆಂದರೆ ಎರಡು ಮಾರು ಮುಂದೆ ತರಬೇಕು, ಒಂದು ಮಾರು ಹಿಂದೆ. ಅವರಲ್ಲಿ ಒಬ್ಬನಿಗೆ ನಾವು ಮೀಸೆಯಣ್ಣ ಅನ್ನುತ್ತಿದ್ದೆವು. ಎದ್ದು ಬರುವುದಕ್ಕೆ ಬೇಜಾರಾಗಿ ಅವನು ಕೀಲಿ ನನ್ನ ಕಡೆ ಎಸೆದು, ಕ್ಲಚ್ಚು ಯಾವುದು, ಗೇರು ಯಾವುದು ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಪ್ರತಿಯಾಗಿ ನಾನು ಅವನ ಕ್ಯಾಬಿನ್ ಗುಡಿಸಿ ಒರೆಸಬೇಕು. ಹೀಗೆ ಎರಡು ಮಾರು, ಒಂದು ಮಾರು ಎಂದು ಓಡಿಸಿ ಓಡಿಸಿಯೇ ಕೈ ಕುದುರಿತು. ಕೊನೆಗೆ ಹೆವಿ ಲೈಸೆನ್ಸು ಬಂತು. ವಿಳಾಸದ ಜಾಗದಲ್ಲಿ ಊರಿನ ಇನ್ನೊಂದು ಕಡೆ ಇರುವ ಚಿಕ್ಕಮ್ಮನ ಮನೆಯದು ಕೊಟ್ಟಿದ್ದೆ. ಅದಕ್ಕೆ ನನಗೆ ನಾಚಿಕೆಯಿತ್ತು. ಆದರೂ ಕೊಟ್ಟಿದ್ದೆ.

ನನಗೆ ಬೇಕಾಗಿದ್ದದ್ದು ದೂರದ ಓಟ. ಊರೊಳಗಿನ ಮಣ್ಣು, ಮರಳು ಹೊಡೆಯುವ ಕೆಲಸವಲ್ಲ. ಟ್ಯಾಂಕರ್‌ಗಳ ಚಕ್ರಕ್ಕೆ ಮೆತ್ತಿ ಬರುತ್ತಿದ್ದ ಬೇರೆ ಬೇರೆ ಬಣ್ಣದ ಮಣ್ಣನ್ನು ಹತ್ತು ವರ್ಷ ನಾನೇ ತೊಳೆದಿದ್ದೇನೆ. ಕೆಂಪು, ಬೂದಿ, ಸುಣ್ಣದಂಥ ಬಿಳಿ. ಆ ಮಣ್ಣು ಇರುವ ಜಾಗಗಳಿಗೆ ಹೋಗಬೇಕು ಅನ್ನುವುದೇ ನನ್ನ ಆಸೆಯಾಗಿತ್ತು. ಅಲ್ಲಿ ನನ್ನ ಓಣಿ ಯಾವುದು ಎಂದು ಯಾರೂ ಕೇಳುವುದಿಲ್ಲ.

ಮೀಸೆಯಣ್ಣ ಒಂದು ಮಾತು ಹೇಳಿದ್ದ. ಮೊದಲನೇ ಮಾಲೀಕ ಯಾರು ಅನ್ನುವುದು ಡ್ರೈವರ್‌ನ ಬೆನ್ನಿಗೆ ಅಂಟಿಕೊಳ್ಳುತ್ತದೆ, ಅವನು ಎರಡು ವರ್ಷದ ಅನುಭವದ ಪತ್ರ ಕೊಟ್ಟರೆ ಎಲ್ಲ ಗೇಟೂ ತೆರೆಯುತ್ತದೆ, ನೋಡಿಕೊಂಡು ಸೇರು ಎಂದು. ನೋಡಿಕೊಂಡು ಸೇರುವುದಕ್ಕೆ ನನ್ನ ಮನೆ ಮುಂದೆ ಮಾಲೀಕರು ಸಾಲು ನಿಂತಿದ್ದರಲ್ಲ!

ಮೊದಲು ಪಾರ್ಸೆಲ್ ಕಂಪನಿಗೆ ಹೋದೆ. ಕಿಟಕಿಯ ಹಿಂದಿದ್ದ ಹೆಂಗಸು ಲೈಸೆನ್ಸನ್ನು ತಿರುವಿ ತಿರುವಿ ನೋಡಿ ಅನುಭವ ಕೇಳಿದಳು. ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು ಎಂದೆ. ಅನುಭವ ತಗೊಂಡು ಬಾ, ಕೆಲಸ ಕೊಡ್ತೀವಿ ಎಂದಳು. ಹಿಂದೆ ನಿಂತವನು ಕೆಮ್ಮಿದ. ನಾನು ಹೊರಟೆ.

ಎರಡನೆಯವನು ಇಟ್ಟಿಗೆ ಲಾರಿಯ ಯಜಮಾನ. ಇದ್ದದ್ದೊಂದೇ ಲಾರಿ, ಅದಕ್ಕೆ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿರಲಿಲ್ಲ, ತಂತಿ ಸುತ್ತಬೇಕು. ಒಂದು ಸುತ್ತು ಓಡಿಸು ಎಂದ, ಓಡಿಸಿದೆ. ಕೆಳಗಿಳಿದಾಗ ತಾನು ಕುಡಿಯುವಂಥದೇ ಲೋಟದಲ್ಲಿ ನನಗೂ ಟೀ ಕೊಟ್ಟ. ಯಾವ ಓಣಿ ಎಂದು ಕೇಳಲಿಲ್ಲ. ಮುಚ್ಚುಮರೆಯಿಲ್ಲದೆ ಹೇಳಿದ, "ನೋಡು ಮಗಳೇ, ನನ್ನದು ಇಟ್ಟಿಗೆ ಗೂಡಿನಿಂದ ಊರಿಗೆ, ಊರಿಂದ ಗೂಡಿಗೆ. ಇಲ್ಲಿ ಹತ್ತು ವರ್ಷ ಓಡಿಸಿದ್ರೂ ಅದನ್ನ ದೂರದ ಓಟ ಅಂತ ಯಾರೂ ಒಪ್ಪಲ್ಲ. ನಿನ್ನ ಕೈ ಚೆನ್ನಾಗಿದೆ. ಯೋಚನೆ ಮಾಡಿ ಬಾ." ಆ ಭಾನುವಾರದವರೆಗೆ ಕಾಯುತ್ತೇನೆ ಎಂದ. ಒಳ್ಳೆಯವನೇ. ಆದರೆ ಒಳ್ಳೆಯತನ ಗೂಡು ದಾಟಿ ಹೋಗುತ್ತಿರಲಿಲ್ಲ.

ಮೂರನೆಯದು ಮೀಸೆಯಣ್ಣ ಕೆಲಸ ಮಾಡುತ್ತಿದ್ದ ಟ್ಯಾಂಕರ್ ಕಂಪನಿ. ನಲವತ್ತು ಗಾಡಿ, ಎಲ್ಲವೂ ದೂರದ ಓಟದವು, ಹೊಸಬರನ್ನೂ ತೆಗೆದುಕೊಳ್ಳುತ್ತಾರೆ. ಅವರ ಅಂಗಳದ ಹಿಂಬದಿಯಲ್ಲೂ ತೊಳೆಯುವ ಕಟ್ಟೆಯಿದೆ. ಅವಸರದ ಗಾಡಿ ಇದ್ದಾಗ ನಮ್ಮ ಓಣಿಗೆ ಫೋನ್ ಮಾಡಿ ಕರೆಸುತ್ತಾರೆ. ಎದೆ ಹೋಗುವವರೆಗೆ ಅಪ್ಪ ಅಲ್ಲಿಗೆ ಇಪ್ಪತ್ತು ವರ್ಷ ಹೋಗಿಬಂದಿದ್ದಾನೆ, ಹಿಂದಿನ ಗೇಟಿನಿಂದ. ನನ್ನನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ. ನಾನು ಮುಂದಿನ ಗೇಟಿನಿಂದ ಹೋದೆ. ವಾಚ್‌ಮನ್ ಸೆಲ್ಯೂಟ್ ಹೊಡೆದ. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ತಿರುಗಿ ನೋಡಿದೆ.

ಮ್ಯಾನೇಜರ್ ಬಹಳ ಮರ್ಯಾದೆಯ ಮನುಷ್ಯ. ಬನ್ನಿ, ಕೂತ್ಕೊಳ್ಳಿ, ನೀರು ಕುಡೀತೀರಾ ಎಂದೆಲ್ಲ ಕೇಳಿದ. ಪರೀಕ್ಷೆಗೆ ಅರ್ಧ ನೀರು ತುಂಬಿದ ಟ್ಯಾಂಕರ್ ಕೊಟ್ಟ, ಪಕ್ಕದಲ್ಲಿ ಮೀಸೆಯಣ್ಣನನ್ನು ಕೂರಿಸಿದ. ಅರ್ಧ ತುಂಬಿದ ಗಾಡಿಯೇ ಎಲ್ಲಕ್ಕಿಂತ ಕಷ್ಟ. ಬ್ರೇಕ್ ಹಾಕಿದರೆ ಗಾಡಿ ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಹಿಂದಿನಿಂದ ಬಂದು ಗುದ್ದುತ್ತದೆ. ಹೊಸಬರು ಅಲ್ಲೇ ಮುಗ್ಗರಿಸುತ್ತಾರೆ. ನನಗೆ ಒಳಗಿನ ಅಡ್ಡ ತಗಡು ಎಲ್ಲೆಲ್ಲಿದೆ, ನೀರು ಎಲ್ಲಿ ತಡೆದು ಎಲ್ಲಿ ನುಗ್ಗುತ್ತದೆ ಎಂಬುದೆಲ್ಲ ಗೊತ್ತು. ಆ ತಗಡುಗಳಿಗೆ ನನ್ನ ಮೊಣಕಾಲು ಎಷ್ಟು ಸಲ ಬಡಿದಿಲ್ಲ. ನೀರನ್ನು ಮಲಗಿಸಿಕೊಂಡೇ ಓಡಿಸಿದೆ. ಮೀಸೆಯಣ್ಣ ಮೀಸೆಯೊಳಗೇ ನಕ್ಕ.

ತಿರುಗಿ ಬಂದಾಗ ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತಿದ್ದ. "ಚೆನ್ನಾಗಿ ಓಡಿಸ್ತೀರಮ್ಮ. ಸೋಮವಾರ ಬಂದುಬಿಡಿ" ಎಂದು ಹೇಳಿ ಫಾರಂ ತರಲು ಒಳಗೆ ಹೋದ. ನಾನು ಇಂಜಿನ್ ಆಫ್ ಮಾಡಿ ಇಳಿದೆ.

ಆಮೇಲೆ ನಡೆದದ್ದಕ್ಕೆ ನನ್ನನ್ನು ನಾನೇ ಎಷ್ಟು ಬೈದುಕೊಂಡರೂ ಸಾಲದು. ಬಿಸಿಲಲ್ಲಿ ಟ್ಯಾಂಕರ್ ನಿಂತರೆ ತೊಳೆಯುವವರು ಮೊದಲು ಮಾಡುವ ಕೆಲಸ ಮೇಲೆ ಹತ್ತಿ ಮುಚ್ಚಳ ತೆಗೆಯುವುದು. ಒಳಗೆ ಕಟ್ಟಿಕೊಂಡ ಗಾಳಿ ಹೋಗಲಿ ಎಂದು. ತೆಗೆದ ಕೂಡಲೇ ಗಾಳಿಗೆ ಬೆನ್ನು ಕೊಟ್ಟು, ಮುಖ ಆ ಕಡೆ ತಿರುಗಿಸಿ ನಿಲ್ಲಬೇಕು. ಓಣಿಯ ಮಕ್ಕಳಿಗೂ ಇದು ಗೊತ್ತು, ಯಾವ ಡ್ರೈವರ್‌ಗೂ ಗೊತ್ತಿಲ್ಲ. ಒಳಗಿದ್ದದ್ದು ಬರೀ ನೀರು. ಆದರೆ ಅದು ಮೈಗೆ ಗೊತ್ತಾಗಬೇಕಲ್ಲ. ಕೆಲಸ ಸಿಕ್ಕಿದ ಖುಷಿಯಲ್ಲಿ ತಲೆ ಎಲ್ಲೋ ಇತ್ತು, ಕಾಲು ತಾನಾಗಿ ಏಣಿ ಹತ್ತಿತು, ಕೈ ಚಿಲಕ ತೆಗೆಯಿತು. ಮ್ಯಾನೇಜರ್ ಫಾರಂ ಹಿಡಿದು ಹೊರಗೆ ಬಂದಾಗ ನಾನು ಟ್ಯಾಂಕಿನ ಮೇಲೆ ಮುಖ ತಿರುಗಿಸಿಕೊಂಡು ನಿಂತಿದ್ದೆ.

ಅವನು ನೋಡಿದ. ಮೀಸೆಯಣ್ಣ ತಲೆ ತಗ್ಗಿಸಿದ.

"ಇಳಿ ಕೆಳಗೆ" ಎಂದ ಮ್ಯಾನೇಜರ್. "ಯಾವ ಓಣಿ ನಿಂದು?"

ಚಿಕ್ಕಮ್ಮನ ವಿಳಾಸ ಹೇಳಬಹುದಿತ್ತು. ನಿಜ ಹೇಳಿದೆ, ಯಾರ ಮಗಳು ಎಂಬುದನ್ನೂ. ಈಗ ಫಾರಂ ಹರಿದು ಹಾಕುತ್ತಾನೆ ಎಂದುಕೊಂಡೆ. ಅವನು ನಕ್ಕ. ನಿಜಕ್ಕೂ ಖುಷಿಯಾಗಿತ್ತು ಅವನಿಗೆ. ಬೇರೆ ಡ್ರೈವರ್‌ಗಳಾದರೆ ದೂರದ ಊರಿನಲ್ಲಿ ಮಾಲು ಇಳಿಸಿ, ತೊಳೆಯುವವರನ್ನು ಹುಡುಕಿ, ಅರ್ಧ ದಿನ ಕಾಯಬೇಕು. ನೀನಾದರೆ ಇಳಿಸಿದೆ, ತೊಳೆದೆ, ತುಂಬಿಸಿಕೊಂಡು ಬಂದೆ. ಗಾಡಿ ನಿಲ್ಲುವುದೇ ಇಲ್ಲ. ನಿಮ್ಮೋರಿಗೆ ಅದೇನು ಹೊಸದಾ ಎಂದ. ಫಾರಂನಲ್ಲಿ ಡ್ರೈವರ್ ಎಂದು ಅಚ್ಚಾಗಿದ್ದ ಕಡೆ ಅದರ ಕೆಳಗೆ ಪೆನ್ನಿನಲ್ಲಿ ಬರೆದ, ತೊಳೆಯುವುದೂ ಸೇರಿ.

ಹಗ್ಗ ಹಿಡಿಯುವುದಕ್ಕೆ ಇನ್ನೊಬ್ಬರನ್ನು ಕಳಿಸುತ್ತೀರಾ ಎಂದು ಕೇಳಿದೆ. ಏಣಿಗೆ ಕಟ್ಟಿಕೋ ಎಂದ. ಎರಡು ವರ್ಷ ಹೀಗೆ ಮಾಡು, ಅನುಭವದ ಪತ್ರ ಕೊಡುತ್ತೇನೆ, ಪತ್ರದಲ್ಲಿ ಡ್ರೈವರ್ ಅಂತ ಮಾತ್ರ ಇರುತ್ತದೆ ಎಂದ. ಅಷ್ಟು ಹೊತ್ತಿಗೆ ಅವನ ಬಾಯಲ್ಲಿ ಬನ್ನಿ, ಕೂತ್ಕೊಳ್ಳಿ ಎಲ್ಲ ಒಣಗಿಹೋಗಿತ್ತು. ನಾನು ಸೈನ್ ಹಾಕಿದೆ.

ಮನೆಗೆ ಬಂದು ಅಪ್ಪನಿಗೆ ಅರ್ಧ ಹೇಳಿದೆ. ಕೆಲಸ ಸಿಕ್ಕಿದೆ, ದೂರದ ಓಟ, ಆದರೆ ತೊಳೆಯುವುದೂ ನಾನೇ. ಅಪ್ಪ ಹೋಗು ಎಂದ. ಹೇಗೂ ಗೊತ್ತಿರುವ ಕೆಲಸ, ಎರಡು ವರ್ಷ ಹಲ್ಲು ಕಚ್ಚಿಕೊಂಡರೆ ಪತ್ರ ಬರುತ್ತದೆ, ಆಮೇಲೆ ನಿನ್ನ ದಾರಿ ನಿನಗೆ. ದಾರಿಯಲ್ಲಿ ಹಗ್ಗ ಹಿಡಿಯಲು ಯಾರೂ ಇರುವುದಿಲ್ಲ ಅನ್ನುವುದನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಅಪ್ಪ ಬಾಗಿಲಿಗೆ ಅಡ್ಡ ಮಲಗುತ್ತಿದ್ದ. ನನಗೆ ಆ ಸ್ಟಿಯರಿಂಗ್ ಅಷ್ಟು ಬೇಕಾಗಿತ್ತು. ಇಷ್ಟು ದಿನ ನಮ್ಮ ಜೀವಕ್ಕೆ ಮಾಲೀಕರು ಬೆಲೆ ಕೊಡಲಿಲ್ಲ ಎಂದು ಕುದಿಯುತ್ತಿದ್ದವಳು ಈಗ ನಾನೇ ಕೊಡದೆ ಕೂತೆ.

ಇಟ್ಟಿಗೆ ಯಜಮಾನನಿಗೆ ಬರುವುದಿಲ್ಲ ಎಂದು ತಿಳಿಸಿದೆ. ಅವನು ಮಾರನೆಯ ದಿನವೇ ಬೇರೆಯವನನ್ನು ಇಟ್ಟುಕೊಂಡ.

ಸೋಮವಾರ ಬೆಳಿಗ್ಗೆ ಅಪ್ಪ ಪಕ್ಕದ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು ನನ್ನ ಶರಟು ತಾನೇ ತೀಡಿದ. ಮುಂದಿನ ಗೇಟು ತಾನೇ ಎಂದು ಎರಡು ಸಲ ಕೇಳಿದ.

ಡ್ರೈವರ್‌ಗಳ ಕೋಣೆಯಲ್ಲಿ ಆರೇಳು ಜನ ಟೀ ಕುಡಿಯುತ್ತಿದ್ದರು. ಪರೀಕ್ಷೆಯ ದಿನ ಇವರೇ ಜರುಗಿ ಜಾಗ ಕೊಟ್ಟಿದ್ದರು. ಇವತ್ತೂ ಜರುಗಿದರು, ಆದರೆ ಬೆಂಚು ಪೂರ್ತಿ ಖಾಲಿಯಾಗುವಷ್ಟು. ನಾನು ಲೋಟಕ್ಕೆ ಕೈ ಚಾಚಿದೆ. ಮೊದಲು ತೊಳೆದು ಬಾ, ಆಮೇಲೆ ಕುಡಿಯುವೆಯಂತೆ ಎಂದು ಒಬ್ಬ ಹೇಳಿದ. ಲೋಟ ತೊಳೆಯುವುದಲ್ಲ, ಟ್ಯಾಂಕು. ಅವನು ಸಿಟ್ಟಿನಲ್ಲೇನೂ ಹೇಳಿರಲಿಲ್ಲ, ಮಳೆ ಬಿಸಿಲಿನ ಬಗ್ಗೆ ಮಾತಾಡುವಂತೆ ಹೇಳಿದ್ದ. ನನಗೆ ಮೈಯೆಲ್ಲ ಉರಿಯಿತು.

ಮ್ಯಾನೇಜರ್ ಒಂದು ಕೈಯಲ್ಲಿ ಗಾಡಿಯ ಕೀಲಿ ಕೊಟ್ಟ, ಇನ್ನೊಂದರಲ್ಲಿ ಬ್ರಷ್ಷು ಕೊಟ್ಟ. ಗಾಡಿ ಅಂಟಿನ ರಸಾಯನ ಇಳಿಸಿ ಬಂದಿತ್ತು. ಹನ್ನೆರಡಕ್ಕೆ ತೊಳೆದು ಮುಗಿದಿರಬೇಕು, ಒಂದಕ್ಕೆ ಹೊಸ ಮಾಲು ತುಂಬಬೇಕು, ಎರಡಕ್ಕೆ ನಾನು ಹೊರಡಬೇಕು. ಮೊದಲ ಓಟ, ಮೂರು ದಿನದ ದಾರಿ. ಕೀಲಿ ಕೈಯಲ್ಲಿ ಭಾರವಾಗಿ, ಚೆನ್ನಾಗಿತ್ತು.

ಮುಚ್ಚಳ ತೆಗೆದು ಒಂದು ಗಂಟೆ ಗಾಳಿಗೆ ಬಿಟ್ಟೆ. ಇಸ್ತ್ರಿ ಮಾಡಿದ ಶರಟು ತೆಗೆದು ಕ್ಯಾಬಿನ್‌ನಲ್ಲಿಟ್ಟು ಹಳೆಯದು ಹಾಕಿಕೊಂಡೆ. ಹಗ್ಗದ ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ಏಣಿಗೆ. ಕಬ್ಬಿಣದ ಏಣಿ ನನ್ನನ್ನು ಎಳೆಯುತ್ತದೆಯೇ? ಕಾಲು ಒಳಗೆ ಬಿಟ್ಟು ಮೊದಲ ಮೆಟ್ಟಿಲ ಮೇಲೆ ನಿಂತೆ. ಎರಡನೆಯದಕ್ಕೆ ಇಳಿದೆ. ಎದೆಯ ತನಕ ಒಳಗಿದ್ದೆ. ಮೇಲಿನಿಂದ ಕೂಗು ಬರದಿದ್ದರೂ ರೂಢಿಯಂತೆ ಬಾಯಿ "ಓ" ಎಂದಿತು.

ಟ್ಯಾಂಕು ನನ್ನ ದನಿಯನ್ನೇ ನನಗೆ ತಿರುಗಿಸಿ ಕೊಟ್ಟಿತು. ಮೇಲಿನಿಂದ ಯಾರೂ ಓಗೊಡಲಿಲ್ಲ. ಅಂಗಳದಲ್ಲಿ ಯಾರೋ ಜೋಕು ಹೇಳಿ ನಗುತ್ತಿದ್ದರು. ಇನ್ನೊಂದು ಸಲ ಕೂಗಿದೆ. ಇಳಿ ಎಂದು ಕಾಲಿಗೆ ಹೇಳಿದೆ. ಕಾಲು ಇಳಿಯಲಿಲ್ಲ. ಅಪ್ಪನ ನೀಲಿ ತುಟಿ ಕಣ್ಣಿಗೆ ಬಂತು. ಅವತ್ತು ನಾನು ಮೇಲಿದ್ದೆ, ಅದಕ್ಕೆ ಅವನು ಇವತ್ತು ಇದ್ದಾನೆ. ಇವತ್ತು ನನ್ನ ಮೇಲೆ ಯಾರಿದ್ದಾರೆ? ಒಂದು ಸಾಲು ಪೆನ್ನಿನ ಬರಹ. ಮೇಲೆ ಹತ್ತಿ ಬಂದು ಸೊಂಟದ ಹಗ್ಗ ಬಿಚ್ಚಿದೆ. ಬ್ರಷ್ಷನ್ನು ಕೆಳಗೆ ಅಂಗಳಕ್ಕೆ ಎಸೆದೆ.

ಮ್ಯಾನೇಜರ್ ಬಂದ. "ಏನಾಯ್ತು?"

"ಇಳಿಯೋಲ್ಲ. ಗಾಡಿ ಓಡಿಸ್ತೀನಿ. ತೊಳೆಯೋಲ್ಲ."

"ಸೈನ್ ಹಾಕಿದೀಯ."

"ಹಾಕಿದೀನಿ. ತಪ್ಪು ಮಾಡಿದೆ. ನಿಮ್ಮ ಉಳಿದ ಡ್ರೈವರ್‌ಗಳು ತೊಳೀತಾರಾ?"

"ಅವರು ಡ್ರೈವರ್‌ಗಳು."

"ನಾನು?"

ಅವನು ಗಡಿಯಾರ ನೋಡಿದ. ಮೀಸೆಯಣ್ಣ ಸ್ವಲ್ಪ ದೂರದಲ್ಲಿ ಒಂದು ಟೈರಿನ ಮುಂದೆ ಕೂತು ಗಾಳಿ ನೋಡುತ್ತಿದ್ದ. ಆ ಟೈರನ್ನು ಅವನು ಆಗಲೇ ಮೂರು ಸಲ ನೋಡಿದ್ದ. ಹಗ್ಗ ಹಿಡಿಯೋಕೆ ಬಾರಣ್ಣ ಎಂದು ನಾನು ಕರೆಯಬಹುದಿತ್ತು. ಕರೆಯಲಿಲ್ಲ. ಕರೆದು ಅವನು ಬಾರದಿದ್ದರೆ ಅವನ ಮುಖ ನನ್ನಿಂದ ಜೀವಮಾನಪೂರ್ತಿ ನೋಡಲಾಗುತ್ತಿರಲಿಲ್ಲ.

ಮ್ಯಾನೇಜರ್ ಫೋನ್ ತೆಗೆದು ನಮ್ಮ ಓಣಿಗೆ ಮಾಡಿದ. ಹಳಬನನ್ನು ಕಳಿಸಿ, ಅವನ ಮಗಳು ಇಲ್ಲಿ ನಾಟಕ ಆಡುತ್ತಿದ್ದಾಳೆ ಎಂದ. ಅರ್ಧ ಗಂಟೆಯಲ್ಲಿ ಅಪ್ಪ ಬಂದ. ಹಿಂದಿನ ಗೇಟಿನಿಂದ. ಅಷ್ಟು ದೂರ ಬೇಗ ನಡೆದು ಬಂದದ್ದಕ್ಕೆ ಗೋಡೆ ಹಿಡಿದು ನಿಂತ. ಮ್ಯಾನೇಜರ್ ಅವನಿಗೆ ಏನು ಹೇಳಿದನೋ ನನಗೆ ಮೇಲಿನಿಂದ ಕೇಳಿಸಲಿಲ್ಲ. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಇಪ್ಪತ್ತು ವರ್ಷ ಆಡಿಸಿ ಆಡಿಸಿ ಆ ತಲೆಗೆ ಬೇರೆ ಏನೂ ಬಾರದಾಗಿತ್ತು. ಆಮೇಲೆ ಗುಂಡಿ ಬಿಚ್ಚಿ ಶರಟು ತೆಗೆದ.

ಬಿಸಿಲಲ್ಲಿ ಅಪ್ಪನ ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಡ್ರೈವರ್‌ಗಳು ಕೋಣೆಯಿಂದ ಹೊರಗೆ ಬಂದು ನೋಡುತ್ತಿದ್ದರು.

"ನಾನು ಇಳೀತೀನಿ ಕಣೇ" ಎಂದ ಕೆಳಗಿನಿಂದ. "ನೀನು ಹಗ್ಗ ಹಿಡಿ. ಇವತ್ತೊಂದು ದಿನ. ನಿನ್ನ ಕೆಲಸ ಉಳಿಯುತ್ತೆ."

ಅವನಿಗೆ ಡಾಕ್ಟರ್ ಹೇಳಿದ್ದು ನೆನಪಿತ್ತು. ನನಗೂ ಇತ್ತು. ಮ್ಯಾನೇಜರ್‌ಗೆ ಆ ಮಾತು ಗೊತ್ತಿರಲಿಲ್ಲ, ಗೊತ್ತಿದ್ದರೂ ಹನ್ನೆರಡು ಗಂಟೆ ಹನ್ನೆರಡಕ್ಕೇ ಆಗುತ್ತಿತ್ತು. ನಾನು ಮುಚ್ಚಳ ಎಳೆದು ಹಾಕಿದೆ. ಚಿಲಕ ಬಿಗಿದೆ. ಅದರ ಮೇಲೆ ಕೂತೆ.

ಕೆಳಗೆ ಗಲಾಟೆಯಾಯಿತು. ಮ್ಯಾನೇಜರ್ ಏನೇನೋ ಅಂದ. ನಿಮ್ಮೋರನ್ನ ಮುಂದಿನ ಗೇಟಿಂದ ಬಿಟ್ಟಿದ್ದೇ ತಪ್ಪು ಅಂದ. ಇನ್ನು ಯಾವ ಕಂಪನಿಯೂ ನಿನ್ನನ್ನು ಹತ್ತಿರ ಸೇರಿಸದ ಹಾಗೆ ಮಾಡ್ತೀನಿ ಅಂದ. ಅದು ಬರೀ ಬೆದರಿಕೆಯಲ್ಲ, ಅವನಿಂದ ಆಗುವ ಕೆಲಸ. ನನಗೆ ಭಯವಾಯಿತು. ಭಯವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಲೋಹ ಕಾದು ತೊಡೆ ಸುಡುತ್ತಿತ್ತು. ಜೇಬಿನಲ್ಲಿದ್ದ ಕೀಲಿಯನ್ನು ಯಾವಾಗಲೋ ಕೈಗೆ ತೆಗೆದು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದನ್ನು ಅವನ ಕಡೆ ಎಸೆದೆ. ಎಸೆಯುವಾಗ ಅಳು ಬಂತು.

"ಇಳಿಸೋ ನಿನ್ನ ಮಗಳನ್ನ" ಎಂದು ಮ್ಯಾನೇಜರ್ ಅಪ್ಪನಿಗೆ ಹೇಳಿದ. "ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಓಣಿಯೋರು ಒಬ್ಬರೂ ಈ ಗೇಟು ದಾಟಬೇಡಿ."

ಅಪ್ಪ ಏಣಿ ಹತ್ತಿದ. ಎಂಟು ಮೆಟ್ಟಿಲು. ಮೂರಕ್ಕೆ ಒಂದು ಸಲ ನಿಂತ, ಆರಕ್ಕೆ ಒಂದು ಸಲ ನಿಂತ. ಮೇಲೆ ಬಂದು ನನ್ನ ಮುಂದೆ ನಿಂತಾಗ ಎದೆ ಕೊಳಲು ಊದಿದಂತೆ ಸದ್ದು ಮಾಡುತ್ತಿತ್ತು. ನನ್ನ ತೋಳು ಹಿಡಿದ. ಎಳೆಯುತ್ತಾನೆ ಎಂದು ಗೊತ್ತಿತ್ತು. ನಾನು ಬಿಗಿಯಾಗಿ ಕೂತೆ.

"ಏಳೇ" ಎಂದ. "ಹಗ್ಗ ಹಿಡಿಯೋದಲ್ವಾ, ಅಷ್ಟೇ ತಾನೇ?"

"ಇವತ್ತು ನಾನು ಹಿಡೀತೀನಿ ಅಪ್ಪಾ" ಎಂದೆ. "ದಾರಿಯಲ್ಲಿ ನನಗೆ ಯಾರು ಹಿಡೀತಾರೆ? ಒಬ್ಬಳೇ ಇಳಿಯಬೇಕಂತೆ. ಹಗ್ಗ ಏಣಿಗೆ ಕಟ್ಕೋ ಅಂದಿದಾರೆ. ನಿನಗೆ ಹೇಳಲಿಲ್ಲ ನಾನು."

ಅಪ್ಪ ನನ್ನ ಮುಖ ನೋಡಿದ. ಏಣಿಗೆ ನಾನು ಕಟ್ಟಿದ್ದ ಹಗ್ಗ ಇನ್ನೂ ಅಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿದ. ಗಂಟನ್ನು ಬೆರಳಲ್ಲಿ ಮುಟ್ಟಿದ. ಅವನ ಕೈ ನನ್ನ ತೋಳಿನ ಮೇಲಿಂದ ಜಾರಿತು. ಹಾಗೇ ಕುಸಿದು ನನ್ನ ಪಕ್ಕ ಮುಚ್ಚಳದ ಅಂಚಿನಲ್ಲಿ ಕೂತ.

ಉಸಿರು ಸಿಗುತ್ತಿರಲಿಲ್ಲ ಅವನಿಗೆ. ನಾನು ಬೆನ್ನು ಸವರಿದೆ. ಕೆಳಗೆ ಮ್ಯಾನೇಜರ್ ಕೂಗುತ್ತಲೇ ಇದ್ದ, ಸುಧಾರಿಸಿಕೊಂಡಿದ್ದು ಸಾಕು, ಅವಳನ್ನ ಇಳಿಸು, ಹನ್ನೆರಡಾಯ್ತು ಎಂದು. ಅಪ್ಪ ಒಂದು ಕೈ ಎತ್ತಿ, ಸ್ವಲ್ಪ ತಾಳಿ ಸ್ವಾಮೀ ಎನ್ನುವ ಹಾಗೆ ತೋರಿಸಿದ. ಎದೆಯ ಸದ್ದು ನಿಧಾನಕ್ಕೆ ಇಳಿಯಿತು.

ಉಸಿರು ತಿರುಗಿ ಬಂತು. ಅಪ್ಪ ಏಳಲಿಲ್ಲ, ಮುಚ್ಚಳದ ಮೇಲೆ ನನ್ನ ಕಡೆ ಸರಿದು ಕೂತ.